ಅಂತರಂಗವೂ ಅನ್ಯರ ಕಣ್ಣೂ

ಒಳಗೂ ಹೊರಗೂ ಭೇದವಿಲ್ಲದೆ ಬಾಳುವುದು ಶರಣನ ಲಕ್ಷಣವೆಂದು ವಚನಕಾರರು ಬಗೆಬಗೆಯಾಗಿ ಬೋಧಿಸಿರುವರು. ಮನದಲ್ಲಿ ಒಂದನ್ನು ಇಟ್ಟುಕೊಂಡು ಮಾತಿನಲ್ಲಿ ಇನ್ನೊಂದನ್ನು ಆಡುವವನನ್ನು ಅವರು ಭಕ್ತನೆಂದು ಒಪ್ಪಲಿಲ್ಲ. ಅಂಥವನ ವಿಭೂತಿ ರುದ್ರಾಕ್ಷಿಗಳನ್ನು ಬರಿಯ ವೇಷವೆಂದೇ ಎಣಿಸಿದರು. ಈ ಬೋಧೆಯನ್ನು ಮುಂದಿಟ್ಟುಕೊಂಡು ಈಗ ಒಂದು ವಾದವು ಸದ್ಭಕ್ತರ ನಡುವೆಯೂ ಕೇಳಿಬರುತ್ತಿದೆ. ಸರಕಾರಗಳು ಪ್ರಜೆಗಳ ಓಡಾಟ, ಮಾತುಕತೆ, ಹಣಕಾಸುಗಳನ್ನು ಯಂತ್ರಗಳ ಮೂಲಕ ಗಮನಿಸುತ್ತಿರುವುದು ನಿಜ. ದೊಡ್ಡ ವ್ಯಾಪಾರಸಂಸ್ಥೆಗಳು ಅಂತರಜಾಲದಲ್ಲಿ ಜನರು ಏನನ್ನು ಹುಡುಕುತ್ತಾರೆ, ಯಾವುದನ್ನು ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿರುವುದೂ ನಿಜ. ಆದರೆ ತಪ್ಪು ಮಾಡದವನಿಗೆ ಇದರಿಂದ ಭಯವೇನು? ಶಿವನೇ ಸರ್ವಸಾಕ್ಷಿಯಾಗಿರುವಾಗ ಮನುಷ್ಯರ ಕಣ್ಣಿಗೆ ಅಂಜುವವನು ಶರಣನು ಹೇಗಾದಾನು? ಎಂಬುದು ಆ ವಾದ. ಮೇಲುನೋಟಕ್ಕೆ ಇದು ಅನುಭವಮಂಟಪದಿಂದಲೇ ಬಂದ ಮಾತಿನಂತೆ ತೋರುವುದು. ಆದುದರಿಂದಲೇ ಇದನ್ನು ಸಾವಧಾನವಾಗಿ ಒರೆಗೆ ಹಚ್ಚಿ ನೋಡಬೇಕಾಗಿದೆ.

ಮೊದಲು ಸಂಪ್ರದಾಯದ ಆಚಾರವನ್ನೇ ನೋಡಬಹುದು. ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಸಭೆಗೆಲ್ಲ ಕೇಳುವಂತೆ ಸಾರುವುದಿಲ್ಲ; ಶಿಷ್ಯನ ಕಿವಿಯಲ್ಲಿ ಉಪದೇಶಿಸುತ್ತಾನೆ. ಕರಸ್ಥಲಕ್ಕೆ ಬಂದ ಇಷ್ಟಲಿಂಗವು ಪೂಜೆಯ ಹೊತ್ತಿನಲ್ಲಿ ಅಂಗೈಯಲ್ಲಿ ತೆರೆದಿದ್ದು, ಉಳಿದ ಹೊತ್ತಿನಲ್ಲಿ ಶಿವವಸ್ತ್ರದಲ್ಲಿ ಸುತ್ತಿ ಕರಡಿಗೆಯೊಳಗೆ ಎದೆಯ ಮೇಲೆ ನೆಲೆಸಿರುವುದು. ಅದನ್ನು ಕಂಡಕಂಡವರಿಗೆ ಬಿಚ್ಚಿ ತೋರಿಸುವ ರೂಢಿಯಿಲ್ಲ. ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ತೆರೆದು ನೋಡುವ ರೂಢಿಯಂತೂ ಇಲ್ಲವೇ ಇಲ್ಲ. ಹಾಗೆಂದು ಲಿಂಗದಲ್ಲಿ ನಾಚಿಕೆಪಡತಕ್ಕದ್ದು ಏನಾದರೂ ಇದೆಯೆಂದು ಯಾರೂ ಹೇಳಲಾರರು. ಮುಚ್ಚಿಡುವುದೆಲ್ಲ ಪಾಪವನ್ನೇ ಎಂಬ ಎಣಿಕೆಯಿದ್ದಿದ್ದರೆ ಕರಡಿಗೆಗೆ ಅರ್ಥವೇ ಉಳಿಯುತ್ತಿರಲಿಲ್ಲ. ಅತ್ಯಂತ ಪೂಜ್ಯವಾದುದಕ್ಕೂ ಮರೆ ಬೇಕು. ಬಿತ್ತಿದ ಬೀಜವನ್ನು ದಿನದಿನವೂ ಕೆದಕಿ ನೋಡುವ ಒಕ್ಕಲಿಗನಿಗೆ ಬೆಳೆ ಬಾರದು.

ಅಕ್ಕಮಹಾದೇವಿಯ ಚರಿತ್ರೆಯು ಈ ವಿಷಯವನ್ನು ಇನ್ನೂ ಸ್ಫುಟಗೊಳಿಸುತ್ತದೆ. ಉಡುಗೆಯನ್ನೇ ತೊರೆದು ಹೊರಟ ಆ ಮಹಾಶರಣೆಗಿಂತ ಹೆಚ್ಚಾಗಿ ಬಯಲಿಗೆ ಬಂದವರು ಯಾರು? ಆದರೂ ಶೂನ್ಯಸಂಪಾದನೆಯಲ್ಲಿ ಆಕೆ ಕೇಶದಿಂದ ಮೈಯನ್ನು ಮರೆಮಾಡಿಕೊಂಡೇ ಕಲ್ಯಾಣಕ್ಕೆ ಬರುತ್ತಾಳೆ. ಉಡುಗೆ ಬಿಟ್ಟವಳಿಗೆ ಈ ಮರೆ ಏತಕ್ಕೆಂದು ಪ್ರಭುದೇವರು ಪ್ರಶ್ನಿಸುತ್ತಾರೆ. ತನ್ನ ಸಲುವಾಗಿ ಅಲ್ಲ, ನೋಡುವವರಿಗೆ ಬಾಧೆಯಾಗದಿರಲೆಂದು ಎಂಬ ಅಭಿಪ್ರಾಯದ ಉತ್ತರ ಬರುತ್ತದೆ. ಮರೆಯೆಂಬುದು ಮರೆಮಾಡಿಕೊಂಡವರ ದೋಷದ ಗುರುತಲ್ಲ, ನೋಡುವ ಕಣ್ಣಿನ ದೋಷಕ್ಕೆ ಹಾಕಿದ ತಡೆಯೂ ಆಗಿರಬಹುದೆಂಬುದು ಇದರಿಂದ ಸಿದ್ಧವಾಗುವುದು. ಇದಕ್ಕೂ ಹಿಂದೆ ಕೌಶಿಕನ ನೋಟವೊಂದು ಆಕೆಯ ಮೇಲೆ ಬಿದ್ದಿತ್ತು. ಬೀದಿಯಲ್ಲಿ ಬರುತ್ತಿದ್ದ ಅರಸನು ಕನ್ಯೆಯನ್ನು ಕಂಡನು. ಕಂಡುದರಿಂದಲೇ ಆಕೆ ತನ್ನವಳಾಗಬೇಕೆಂದು ಬಗೆದನು. ಅಧಿಕಾರವುಳ್ಳವನ ಕಣ್ಣಿಗೆ ಈ ಗುಣವುಂಟು. ಅದು ಬರಿದೆ ನೋಡುವುದಿಲ್ಲ, ನೋಡಿದುದನ್ನು ವಶಮಾಡಿಕೊಳ್ಳಲು ಹವಣಿಸುತ್ತದೆ. ಅಕ್ಕನು ತಾನಾಗಿ ವಸ್ತ್ರವನ್ನು ತೊರೆದುದು ಪರಮವೈರಾಗ್ಯವೆನಿಸಿತು. ಅದೇ ವಸ್ತ್ರವನ್ನು ಅರಸನ ಆಳುಗಳು ಸೆಳೆದಿದ್ದರೆ ಅದನ್ನು ವೈರಾಗ್ಯವೆಂದು ಯಾರು ಕರೆಯುತ್ತಿದ್ದರು? ಬಸವಣ್ಣನವರು ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಕುಂದುಗಳನ್ನೂ ಎಷ್ಟೋ ವಚನಗಳಲ್ಲಿ ಬಿಚ್ಚಿ ಹೇಳಿಕೊಂಡಿದ್ದಾರೆ. ಹೇಳಿಕೊಂಡವರು ಅವರು, ಯಾರ ಮುಂದೆ ಎಂಬುದನ್ನು ಆರಿಸಿಕೊಂಡವರೂ ಅವರೇ. ಬಿಜ್ಜಳನ ಬೇಹಿನವನು ಗೋಡೆಗೆ ಕಿವಿಯಿಟ್ಟು ಅದನ್ನೇ ಕೇಳಿ ಅರಸನಿಗೆ ಮುಟ್ಟಿಸಿದ್ದರೆ ಅದು ವಚನವಾಗುತ್ತಿರಲಿಲ್ಲ, ಚಾಡಿಯಾಗುತ್ತಿತ್ತು. ‘ಮುಚ್ಚಿಡುವುದೇನಿದೆ’ ಎಂದು ಕೇಳುವವರು ಮರೆತುಬಿಡುವುದು ಈ ಒಂದು ಭೇದವನ್ನು: ತೆರೆದುಕೊಳ್ಳುವುದು ಬೇರೆ, ತೆರೆಯಲ್ಪಡುವುದು ಬೇರೆ.

ಈಗ ನೋಡುತ್ತಿರುವ ಕಣ್ಣು ಎಂಥದು? ಕಿಸೆಯಲ್ಲಿರುವ ಮೊಬೈಲು ತಾನೆಲ್ಲಿರುವೆನೆಂದು ಹತ್ತಿರದ ಗೋಪುರಕ್ಕೆ ತಿಳಿಸುತ್ತಲೇ ಇರಬೇಕು. ಇಲ್ಲದಿದ್ದರೆ ಕರೆ ತಲುಪುವುದಿಲ್ಲ. ಅಷ್ಟು ಅನಿವಾರ್ಯ. ಆದರೆ ಅದರೊಳಗೆ ಹಾಕಿಕೊಂಡ ಆಟದ, ಪಂಚಾಂಗದ, ಸಾಲದ ಆ್ಯಪುಗಳು ವಿಳಾಸಪಟ್ಟಿಯನ್ನೂ ಛಾಯಾಚಿತ್ರಗಳನ್ನೂ ಇರುವ ಸ್ಥಳವನ್ನೂ ಕೇಳುವುದುಂಟು. ಪಂಚಾಂಗಕ್ಕೆ ಬಂಧುಬಳಗದ ದೂರವಾಣಿ ಸಂಖ್ಯೆಗಳಿಂದ ಆಗಬೇಕಾದುದೇನೆಂದು ಕೇಳುವವರು ಕಡಿಮೆ. ೧೯೯೪ರಲ್ಲಿ ನೆಟ್‌ಸ್ಕೇಪ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ಕುಕಿ ಎಂಬ ಗುರುತುಚೀಟಿಯೊಂದು ರಚಿತವಾಯಿತು. ಒಂದು ಜಾಲತಾಣವು ತನ್ನಲ್ಲಿಗೆ ಮೊದಲೇ ಬಂದು ಹೋದವನನ್ನು ನೆನಪಿಟ್ಟುಕೊಳ್ಳುವುದಕ್ಕೆ ಅದು ಸಾಧನ. ಅಂಗಡಿಯವನು ಹಳೆಯ ಗಿರಾಕಿಯ ಮುಖ ಹಿಡಿದಂತೆ. ಅದರಲ್ಲಿ ದೋಷವಿರಲಿಲ್ಲ. ಆಮೇಲೆ ಜಾಹೀರಾತಿನ ಸಂಸ್ಥೆಗಳು ಅದೇ ಬಗೆಯ ಚೀಟಿಯನ್ನು ಸಾವಿರಾರು ಅಂಗಡಿಗಳ ಬಾಗಿಲಲ್ಲಿ ಅಂಟಿಸಿ, ಒಬ್ಬನು ಎಲ್ಲಿಂದ ಎಲ್ಲಿಗೆ ಹೋದನೆಂದು ಹಿಂಬಾಲಿಸತೊಡಗಿದವು. ಆಡಿದ ಮಾತನ್ನು ಕೇಳಲೇಬೇಕೆಂಬ ಅಗತ್ಯವೂ ಈಗ ಉಳಿದಿಲ್ಲ. ಒಬ್ಬ ಗೃಹಸ್ಥನು ರಾತ್ರಿ ಹನ್ನೊಂದಕ್ಕೆ ಹೃದ್ರೋಗದ ವೈದ್ಯನಿಗೂ, ಕೂಡಲೇ ಪರಸ್ಥಳದ ಮಗನಿಗೂ, ಮರುದಿನ ಬೆಳಗ್ಗೆ ವಿಮೆಯ ಏಜೆಂಟನಿಗೂ ಕರೆಮಾಡಿದನೆಂಬಷ್ಟು ತಿಳಿದರೆ ಸಾಕು. ಮನೆಯವರಿಗೆ ಗೊತ್ತಾಗುವ ಮುನ್ನ ಅಪರಿಚಿತರಿಗೆ ಅವನ ಎದೆಯ ಸ್ಥಿತಿ ಗೊತ್ತಾಗಿರುತ್ತದೆ.

ಈ ಉಪಕರಣಕ್ಕೆ ಕನ್ನಡದಲ್ಲಿ ಕೆಲವರು ‘ಜಂಗಮವಾಣಿ’ ಎಂದು ಹೆಸರಿಟ್ಟರು. ಚಲಿಸುವುದರಿಂದ ಜಂಗಮವೆಂಬ ವ್ಯುತ್ಪತ್ತಿ ವ್ಯಾಕರಣಕ್ಕೆ ಸರಿಯೇ. ಆದರೆ ಜಂಗಮನು ಹೊಸ್ತಿಲ ಹೊರಗೆ ನಿಂತು ಕೇಳಿ, ನೀಡಿದಷ್ಟನ್ನು ಜೋಳಿಗೆಯಲ್ಲಿ ಹಾಕಿಕೊಂಡು ಮುಂದಿನ ಮನೆಗೆ ನಡೆಯುವವನು. ಇದು ಹಾಸಿಗೆಯ ಪಕ್ಕದಲ್ಲಿಯೇ ಮಲಗುತ್ತದೆ.

ಬೇಹುಗಾರಿಕೆ ಹೊಸದೇನೂ ಅಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ವಿಚಾರವನ್ನು ಎತ್ತಿಕೊಂಡು, ಒಂದೆಡೆ ನೆಲೆಸಿ ಬೇಹು ನಡೆಸುವವರನ್ನು ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ವಿದ್ಯಾರ್ಥಿ, ಸಂನ್ಯಾಸದಿಂದ ಜಾರಿದವನು, ಒಕ್ಕಲಿಗ, ವರ್ತಕ, ತಪಸ್ವಿ ಎಂಬ ವೇಷಗಳು ಇವರವು. ಐವರಲ್ಲಿ ಕೊನೆಯವನ ವರ್ಣನೆ ಮನಸ್ಸಿನಲ್ಲಿ ಉಳಿಯುವಂಥದು. ಅವನು ಮುಂಡನೋ ಜಟಾಧಾರಿಯೋ ಆಗಿ ಊರ ಹತ್ತಿರ ಬಹುಶಿಷ್ಯರೊಡನೆ ವಾಸಿಸಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಎಲ್ಲರ ಎದುರಿನಲ್ಲಿ ಹಿಡಿಯಷ್ಟು ಜವೆಯನ್ನೋ ಸೊಪ್ಪನ್ನೋ ತಿನ್ನಬೇಕು. ಗುಟ್ಟಾಗಿ ಬೇಕಾದುದನ್ನು ಉಣ್ಣಬಹುದು. ಏನನ್ನೂ ಬಯಸದವನೆಂದು ನಂಬಿದ ಜನ ಅವನಲ್ಲಿ ಭವಿಷ್ಯ ಕೇಳಲು ಬಂದು ಮನಸ್ಸಿನ ಮಾತನ್ನೆಲ್ಲ ತೋಡಿಕೊಳ್ಳುವರು. ಇಂದಿನ ಅಂತರಜಾಲದ ಸಂಸ್ಥೆಗಳು ಕಾಗದ ಮುಟ್ಟಿಸುವುದಕ್ಕೆ, ದಾರಿ ತೋರಿಸುವುದಕ್ಕೆ, ಹುಡುಕಿದುದನ್ನು ಹುಡುಕಿಕೊಡುವುದಕ್ಕೆ ಬಿಡಿಗಾಸನ್ನೂ ತೆಗೆದುಕೊಳ್ಳುವುದಿಲ್ಲ. ಹಗಲು ಹಿಡಿ ಜವೆ! ಆದರೂ ಅವುಗಳಲ್ಲಿ ಕೆಲವು ಭೂಮಂಡಲದಲ್ಲಿಯೇ ಅತ್ಯಂತ ಶ್ರೀಮಂತ ಸಂಸ್ಥೆಗಳಾಗಿವೆ. ರಾತ್ರಿಯ ಭೋಜನ ಯಾವುದೆಂದರೆ, ಜನರ ಗಮನವನ್ನೂ ಅವರ ಸ್ವಭಾವದ ಅರಿವನ್ನೂ ಜಾಹೀರಾತುದಾರರಿಗೆ ಮಾರುವುದು. ಕೌಟಿಲ್ಯನ ತಾಪಸನು ಒಂದು ಊರಿನ ಗುಟ್ಟನ್ನು ಒಬ್ಬ ಅರಸನಿಗೆ ಮುಟ್ಟಿಸುತ್ತಿದ್ದನು, ಅಷ್ಟೇ.

ಗುಟ್ಟು ಮಾರಾಟವಾದರೆ ಆಗುವುದೇನೆಂಬುದಕ್ಕೆ ೨೦೧೮ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವು ನಿದರ್ಶನ. ಫೇಸ್‌ಬುಕ್ಕಿನಲ್ಲಿ ಸ್ವಭಾವಪರೀಕ್ಷೆಯ ಒಂದು ಆ್ಯಪನ್ನು ಹಾಕಿಕೊಂಡವರು ಸುಮಾರು ೨ ಲಕ್ಷ ೭೦ ಸಾವಿರ ಜನ. ಆ್ಯಪು ಅವರದಲ್ಲದೆ ಅವರ ಸ್ನೇಹಿತರ ವಿವರಗಳನ್ನೂ ಬಾಚಿಕೊಂಡಿತು. ಹೀಗೆ ೮ ಕೋಟಿ ೭೦ ಲಕ್ಷದವರೆಗೆ ಜನರ ವಿವರಗಳು ರಾಜಕೀಯ ಪ್ರಚಾರವನ್ನು ವೃತ್ತಿಯಾಗಿಸಿಕೊಂಡಿದ್ದ ಸಂಸ್ಥೆಯ ಕೈಸೇರಿರಬಹುದೆಂದು ಫೇಸ್‌ಬುಕ್ಕೇ ಹೇಳಿತು. ಅದರಲ್ಲಿ ಭಾರತದವರು ೫ ಲಕ್ಷ ೬೨ ಸಾವಿರಕ್ಕೂ ಹೆಚ್ಚು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಒಪ್ಪಿದವರು ಲಕ್ಷಗಳಲ್ಲಿ, ತೆರೆಯಲ್ಪಟ್ಟವರು ಕೋಟಿಗಳಲ್ಲಿ. ‘ನನ್ನಲ್ಲಿ ಮುಚ್ಚಿಡುವುದೇನೂ ಇಲ್ಲ’ ಎಂದು ಒತ್ತಿದ ಒಬ್ಬನ ಬೆರಳು ನೂರಾರು ನೆರೆಹೊರೆಯವರ ಬಾಗಿಲನ್ನು ತೆರೆದಿತ್ತು.

ಇನ್ನು ಸರಕಾರದ ಕಣ್ಣು. ಪ್ರಜೆಗಳ ರಕ್ಷಣೆ ಅರಸನ ಧರ್ಮ. ಕಳ್ಳನನ್ನೂ ಕೊಲೆಗಡುಕನನ್ನೂ ಹಿಡಿಯಬೇಕಾದವನು ಕಣ್ಣು ಮುಚ್ಚಿ ಕೂಡಲಾರನು. ಮಕ್ಕಳನ್ನು ಅಪಹರಿಸಿದವನ ದೂರವಾಣಿಯ ಜಾಡು ಹಿಡಿದು ಮಗುವನ್ನು ಉಳಿಸಿದರೆ ಯಾವ ಶರಣನೂ ಅದನ್ನು ದೂಷಿಸನು. ವಿವಾದವಿರುವುದು ಅನುಮಾನವಿರುವ ಒಬ್ಬನನ್ನು ನ್ಯಾಯದ ಅಪ್ಪಣೆಯಿಂದ, ಗೊತ್ತಾದ ಅವಧಿಯವರೆಗೆ ಗಮನಿಸುವುದಕ್ಕೂ, ಅನುಮಾನವೇ ಇಲ್ಲದ ಎಲ್ಲರನ್ನೂ ಎಲ್ಲ ಕಾಲದಲ್ಲೂ ಗಮನಿಸುವುದಕ್ಕೂ ಇರುವ ಅಂತರದಲ್ಲಿ. ೨೦೧೩ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡನ್ ಎಂಬ ತರುಣನು ಅಮೆರಿಕದ ಗುಪ್ತದಾಖಲೆಗಳನ್ನು ಪತ್ರಿಕೆಗಳಿಗೆ ಒಪ್ಪಿಸಿದಾಗ, ಆ ದೇಶದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಯಾವ ಅಪರಾಧದ ಸೋಂಕೂ ಇಲ್ಲದ ಕೋಟ್ಯಂತರ ಜನರ ಕರೆಗಳ ವಿವರಗಳನ್ನು ಸಂಗ್ರಹಿಸುತ್ತಿದ್ದುದೂ, ದೊಡ್ಡ ಅಂತರಜಾಲ ಸಂಸ್ಥೆಗಳಿಂದ ಮಾಹಿತಿ ಪಡೆಯುತ್ತಿದ್ದುದೂ ಹೊರಬಿದ್ದಿತು. ವರ್ತಕನು ಕೂಡಿಟ್ಟುದು ಅರಸನಿಗೆ ಸುಲಭಲಭ್ಯ. ಕರ್ನಾಟಕವೂ ಇಂಥ ಆಪಾದನೆಗಳಿಂದ ದೂರ ಉಳಿಯಲಿಲ್ಲ. ೧೯೮೮ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಗಳ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. ಕದ್ದಾಲಿಕೆಗೆ ಆಧಾರವಾಗಿದ್ದುದು ಬ್ರಿಟಿಷರು ೧೮೮೫ರಲ್ಲಿ ಮಾಡಿದ ತಂತಿ ಕಾಯಿದೆ. ಅದನ್ನು ಮನಬಂದಂತೆ ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಕಟ್ಟುಪಾಡುಗಳನ್ನು ವಿಧಿಸಿದುದು ೧೯೯೬ರಷ್ಟು ತಡವಾಗಿ.

ಆ ನ್ಯಾಯಾಲಯದ ಮುಂದೆ ೧೯೬೨ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯು ಈ ಪ್ರಶ್ನೆಯ ಮರ್ಮವನ್ನು ಮುಟ್ಟುತ್ತದೆ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ ದರೋಡೆಯ ಆಪಾದನೆ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿತ್ತು. ಆದರೂ ಪೋಲೀಸರ ಪುಸ್ತಕದಲ್ಲಿ ಅವನ ಹೆಸರು ಉಳಿಯಿತು. ರಾತ್ರಿ ಬಂದು ಬಾಗಿಲು ತಟ್ಟಿ ಎಬ್ಬಿಸುವುದು, ಮನೆಯ ಸುತ್ತ ಗುಟ್ಟಾಗಿ ಕಾಯುವುದು, ಎಲ್ಲಿಗೆ ಹೋದನೆಂದು ಬರೆದಿಡುವುದು ನಡೆದೇ ಇದ್ದಿತು. ರಾತ್ರಿಯಲ್ಲಿ ಮನೆಗೆ ನುಗ್ಗುವುದು ಸಲ್ಲದೆಂದು ನ್ಯಾಯಾಲಯವು ಹೇಳಿತು. ಆದರೆ ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದು ಬಹುಮತದ ನ್ಯಾಯಾಧೀಶರು ಅಭಿಪ್ರಾಯಪಟ್ಟರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಒಪ್ಪಲಿಲ್ಲ. ಕಾಲಿಗೆ ಸಂಕೋಲೆಯಿಲ್ಲದಿದ್ದರೂ ಬೇಹಿನ ಕಣ್ಣಿನ ಕೆಳಗೆ ನಡೆಯುವವನ ನಡೆ ಸ್ವತಂತ್ರವಾದುದಲ್ಲ, ಅದು ಮನಸ್ಸನ್ನು ಕಟ್ಟುತ್ತದೆ ಎಂಬುದು ಅವರ ಭಿನ್ನಮತದ ಸಾರ. ಆ ಭಿನ್ನಮತ ಗೆಲ್ಲುವುದಕ್ಕೆ ಐವತ್ತೈದು ವರ್ಷ ಹಿಡಿಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರವು ಹಳೆಯ ತೀರ್ಪುಗಳನ್ನು ಹಿಡಿದು ವಾದಿಸಿದುದರಿಂದ, ಒಂಬತ್ತು ನ್ಯಾಯಾಧೀಶರ ಪೀಠವು ಕುಳಿತು, ೨೦೧೭ರ ಆಗಸ್ಟ್ ೨೪ರಂದು ಅದು ಮೂಲಭೂತ ಹಕ್ಕೇ ಎಂದು ಏಕಕಂಠದಿಂದ ತೀರ್ಪಿತ್ತಿತು. ಮರುವರ್ಷ ಐವರ ಪೀಠವು ಆಧಾರ್ ಕಾಯಿದೆಯನ್ನು ಬಹುಮತದಿಂದ ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಅದನ್ನು ಕೇಳಲು ಎಡೆಗೊಟ್ಟಿದ್ದ ಪ್ರಕರಣವನ್ನು ಆ ಮಟ್ಟಿಗೆ ಕಿತ್ತುಹಾಕಿತು.

ಆಧಾರಿನಿಂದ ಗುರುತಿಲ್ಲದ ಬಡವನಿಗೆ ಗುರುತು ದೊರೆಯಿತು, ನಡುವಿನವರ ಕೈಗೆ ಬೀಳುತ್ತಿದ್ದ ಹಣ ನೇರವಾಗಿ ಖಾತೆಗೆ ಬಂದಿತು ಎಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳನ್ನು ಒತ್ತಿದಾಗ ಯಂತ್ರವು ಒಪ್ಪದೆ ಹೋಗುವುದು ಯಾರದನ್ನು? ಕಲ್ಲು ಒಡೆದು, ಮಣ್ಣು ಹೊತ್ತು, ಗೆರೆ ಸವೆದ ಬೆರಳನ್ನು. ಕಾಯಕವನ್ನೇ ಕೈಗಳ ಭೂಷಣವೆಂದ ಧರ್ಮದವರು ಇದನ್ನು ಕಂಡು ಸುಮ್ಮನೆ ದಾಟಿಹೋಗಲಾಗದು.

ಕಾಣುವ ಕಣ್ಣಿನ ಕೆಳಗೆ ಮನಸ್ಸು ಏನಾಗುವುದೆಂಬುದೇ ಮುಖ್ಯವಾದ ಪ್ರಶ್ನೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಎಂಬ ತತ್ತ್ವಜ್ಞನು ೧೭೯೧ರಲ್ಲಿ ಪ್ರಕಟಿಸಿದ ಸೆರೆಮನೆಯ ನಕ್ಷೆಯೊಂದಿದೆ. ನಡುವೆ ಕಾವಲು ಗೋಪುರ, ಸುತ್ತ ವರ್ತುಲವಾಗಿ ಕೋಣೆಗಳು. ಕಾವಲುಗಾರನು ಕೈದಿಗಳಿಗೆ ಕಾಣಿಸನು. ಅವನಿಗೆ ಎಲ್ಲರೂ ಕಾಣಿಸುವರು. ಅವನು ಈ ಹೊತ್ತು ನೋಡುತ್ತಿದ್ದಾನೆಯೋ ಇಲ್ಲವೋ ತಿಳಿಯದ ಕೈದಿಯು ಸದಾ ನೋಡುತ್ತಿದ್ದಾನೆಂದೇ ಭಾವಿಸಿ ನೆಟ್ಟಗಿರುವನು. ಬೆಂಥಮ್ಮನು ಇದನ್ನು ಜನರ ನಡತೆಯನ್ನು ತಿದ್ದುವ ಉಪಾಯವೆಂದು ಹೊಗಳಿಕೊಂಡನು. ಶರಣರ ದೃಷ್ಟಿಯಿಂದ ನೋಡಿದರೆ ಅಲ್ಲಿ ತಿದ್ದಿದುದು ಏನೂ ಇಲ್ಲ. ಕೈದಿಯು ಕಳವನ್ನು ಬಿಟ್ಟುದು ಕಳವು ಕೆಟ್ಟದ್ದೆಂಬ ಅರಿವಿನಿಂದಲ್ಲ, ಕಿಟಕಿಯಿಂದ. ಊರವರು ನೋಡುತ್ತಾರೆಂದು ಗಂಟೆ ಬಾರಿಸಿ ಪೂಜಿಸುವವನನ್ನೂ, ಹೊಗಳಿಕೆಗಾಗಿ ನೀಡುವ ದಾನಿಯನ್ನೂ ಶರಣರು ಖಂಡಿಸಿದುದು ಇದೇ ಕಾರಣಕ್ಕೆ: ಅವರ ಕ್ರಿಯೆಯು ಲಿಂಗಕ್ಕಲ್ಲ, ನೋಡುವವರಿಗೆ ಸಲ್ಲುತ್ತದೆ. ಹಾಗಿರುವಾಗ ಸಮಸ್ತ ಜನರನ್ನೂ ಸದಾಕಾಲ ನೋಡುವವರ ಎದುರಿಗೆ ನಿಲ್ಲಿಸುವ ವ್ಯವಸ್ಥೆಯು ಮಾಡುವುದೇನು? ಪ್ರತಿಯೊಬ್ಬನನ್ನೂ ವೇಷಧಾರಿಯಾಗಿಸುವುದು. ತನ್ನ ಸಂದೇಹವನ್ನು ಬರೆಯುವ ಮುನ್ನ ಯಾರು ಓದುವರೋ ಎಂದು ಅಳುಕುವ ವಿದ್ಯಾರ್ಥಿಯು ಸಂದೇಹಪಡುವುದನ್ನೇ ಬಿಡುವನು. ಸಂದೇಹವಿಲ್ಲದೆ ಅನುಭಾವವಿಲ್ಲವೆಂಬುದಕ್ಕೆ ಪ್ರಭುದೇವರ ಪ್ರಶ್ನೆಗಳೇ ಸಾಕ್ಷಿ. ಒಳಗೂ ಹೊರಗೂ ಒಂದಾಗಬೇಕಾದರೆ ಮೊದಲು ಒಳಗೆಂಬುದೊಂದು ಇರಬೇಕಷ್ಟೆ!

ಶಿವನ ಸಾಕ್ಷಿತ್ವದ ಮಾತು ಉಳಿಯಿತು. ಶಿವನು ಎಲ್ಲವನ್ನೂ ಕಾಣುವನು, ಆದರೆ ಕಂಡುದನ್ನು ಮಾರುವುದಿಲ್ಲ; ಮುಂದಿನ ಚುನಾವಣೆಗೆಂದು ಕೂಡಿಡುವುದಿಲ್ಲ. ಅದಕ್ಕಿಂತಲೂ ದೊಡ್ಡ ಭೇದವೆಂದರೆ ಶಿವನು ಕಂಡೂ ಕ್ಷಮಿಸುವನು, ಶರಣಾದವನ ಹಿಂದಿನದನ್ನು ಅಳಿಸುವನು. ದೀಕ್ಷೆಯಿಂದ ಪೂರ್ವಾಶ್ರಯವು ಕಳೆಯಿತೆಂದು ವೀರಶೈವವು ಸಾರುತ್ತದೆ; ಭಕ್ತನಾದವನ ಕುಲವನ್ನು, ಹಿಂದಿನ ವೃತ್ತಿಯನ್ನು ಕೆದಕುವುದು ಮಹಾದೋಷ. ಉರಿಲಿಂಗಪೆದ್ದಿಗಳ ಕಥೆ ಎಲ್ಲರಿಗೂ ತಿಳಿದುದೇ. ಕಳವಿಗೆಂದು ಕತ್ತಲಲ್ಲಿ ಹೊಂಚುಹಾಕಿ ಬಂದವನು ಉರಿಲಿಂಗದೇವರು ಅಲ್ಲಿ ದೀಕ್ಷೆ ನೀಡುತ್ತಿದ್ದುದನ್ನು 보ಂಡು ಮನಕರಗಿ, ಕೊನೆಗೆ ಅವರ ಶಿಷ್ಯನೂ ಮಠದ ಉತ್ತರಾಧಿಕಾರಿಯೂ ಆದನೆಂದು ಸಂಪ್ರದಾಯ ಹೇಳುತ್ತದೆ. ಪೆದ್ದಿಯ ಹಳೆಯ ಕಳವುಗಳೆಲ್ಲ ಒಂದು ಯಂತ್ರದ ನೆನಪಿನಲ್ಲಿ ಉಳಿದು, ಹೆಸರು ಹೇಳಿದೊಡನೆ ಯಾರ ಕಣ್ಣಿಗಾದರೂ ಬೀಳುವಂತಿದ್ದಿದ್ದರೆ, ಆ ಪೀಠದ ಮೆಟ್ಟಿಲನ್ನು ಅವನಿಂದ ಏರಲಾಗುತ್ತಿತ್ತೆ? ಕನ್ನದ ಮಾರಿತಂದೆಯ ಹೆಸರಿನಲ್ಲಿ ಹಳೆಯ ಕಸುಬು ಉಳಿದಿದೆಯಲ್ಲ ಎಂದು ಕೇಳಬಹುದು. ಉಳಿದಿದೆ, ಅದರ ಅರ್ಥವನ್ನೇ ತಿರುಗಿಸಿ ತಾನೇ ಅಂಗೀಕರಿಸಿದ ಹೆಸರದು, ಅನ್ಯರು ಬೆನ್ನಿಗೆ ಬರೆದುದಲ್ಲ. ಮರೆಯುವ ಈ ಧರ್ಮವನ್ನು ನ್ಯಾಯಾಲಯಗಳೂ ಈಗೀಗ ಅರಿಯುತ್ತಿವೆ. ಯೂರೋಪಿನ ನ್ಯಾಯಾಲಯವು ೨೦೧೪ರಲ್ಲಿ, ಹಳತಾಗಿ ಪ್ರಸ್ತುತತೆ ಕಳೆದುಕೊಂಡ ವಿವರಗಳ ಕೊಂಡಿಯನ್ನು ಹುಡುಕುಯಂತ್ರದಿಂದ ತೆಗೆಸುವ ಹಕ್ಕನ್ನು ಒಪ್ಪಿತು. ೨೦೧೭ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಒಬ್ಬ ತಂದೆಯ ಕೋರಿಕೆಯ ಮೇರೆಗೆ, ಮುಗಿದುಹೋದ ಮೊಕದ್ದಮೆಯೊಂದರಲ್ಲಿದ್ದ ಮಗಳ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣಿಸದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು.

ಹಾಗಾದರೆ ಯಾವುದೂ ತೆರೆದಿರಬಾರದೆ? ಇಲ್ಲಿಯೂ ಕಲ್ಯಾಣದ ಕಥೆಯೇ ದಾರಿ ತೋರಿಸುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯ ಮಂಚಣ್ಣನು ದೂರಿದನು. (ಚಾಡಿಕೋರನಿಗೆ ಸಂಪ್ರದಾಯವು ಕೊಂಡೆಯ ಎಂಬ ಹೆಸರನ್ನೇ ಅಂಟಿಸಿ ಉಳಿಸಿತು.) ಆಗ ಬಸವಣ್ಣನವರು ಭಂಡಾರವನ್ನು ನೋಡಬೇಡಿರೆನ್ನಲಿಲ್ಲ, ತೆರೆದು ಎಣಿಸಲು ಹೇಳಿದರು, ಲೆಕ್ಕ ಒಂದಿಷ್ಟೂ ಕುಂದಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಂಡಾರವು ಅನೇಕರ ಸೊತ್ತು, ಅಧಿಕಾರದ ಸ್ಥಾನ. ಅದು ಪರೀಕ್ಷೆಗೆ ತೆರೆದಿರಲೇಬೇಕು. ಎದೆಯ ಮೇಲಿನ ಕರಡಿಗೆಯು ಹಾಗಲ್ಲ. ಈಗಿನ ವಿಪರ್ಯಾಸವೆಂದರೆ ಕರಡಿಗೆಗಳು ತೆರೆದಿವೆ, ಭಂಡಾರಕ್ಕೆ ಬೀಗ ಬಿದ್ದಿದೆ. ಸಂಸ್ಥೆಗಳು ಯಾವ ಲೆಕ್ಕಾಚಾರದಿಂದ ಒಬ್ಬನಿಗೆ ಸಾಲವನ್ನು, ಕೆಲಸವನ್ನು, ಸುದ್ದಿಯನ್ನು ತೋರಿಸುತ್ತವೆ ಅಥವಾ ಮರೆಸುತ್ತವೆ ಎಂಬುದು ವ್ಯಾಪಾರರಹಸ್ಯ. ಭಾರತದಲ್ಲಿ ೨೦೨೩ರ ಆಗಸ್ಟ್‌ನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾಯಿದೆಯಾಯಿತು. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಹೊರಬಂದವು. ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಬಾರದು, ತಪ್ಪಿದ ಸಂಸ್ಥೆಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು ಎಂಬ ವಿಧಿಗಳು ಸ್ವಾಗತಾರ್ಹವೇ. ಆದರೆ ಸುರಕ್ಷತೆ ಮೊದಲಾದ ಕಾರಣಗಳಿಗಾಗಿ ತನ್ನ ಯಾವ ಅಂಗಕ್ಕೂ ಆ ಕಾಯಿದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರವು ಇಟ್ಟುಕೊಂಡಿದೆ. ಅದೇ ಕಾಯಿದೆಯು ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯನ್ನೂ ತಿದ್ದಿ, ವೈಯಕ್ತಿಕವೆನಿಸುವ ವಿವರವನ್ನು ಕೊಡದಿರಲು ಅಧಿಕಾರಿಗೆ ಹಿಂದಿಗಿಂತ ಹೆಚ್ಚಿನ ಎಡೆಮಾಡಿತು. ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಕೊಡಬಹುದೆಂಬ ಬೇರೊಂದು ಪ್ರಕರಣ ಉಳಿದಿದೆಯೆಂದು ಸರಕಾರ ಸಮಾಧಾನ ಹೇಳುತ್ತದೆ. ಪ್ರಜೆಯ ಮರೆಗೆಂದು ನೇಯ್ದ ವಸ್ತ್ರವನ್ನು ಭಂಡಾರದ ಬಾಗಿಲಿಗೆ ಹೊದಿಸಿದರೆ ಬಸವಣ್ಣನವರ ಲೆಕ್ಕದ ಪುಸ್ತಕಕ್ಕೆ ಅದು ಒಪ್ಪುವಂಥದಲ್ಲ.

ಸರಕಾರವನ್ನೂ ಪರದೇಶದ ಸಂಸ್ಥೆಗಳನ್ನೂ ಆಕ್ಷೇಪಿಸುವಾಗ ಮಠಗಳೂ ಅವುಗಳ ಆಶ್ರಯದ ಶಾಲೆಗಳೂ ತಮ್ಮ ಅಂಗಳವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಪ್ರಸಾದನಿಲಯಕ್ಕೆ ಸೇರುವ ಹುಡುಗನಿಂದ ಆಧಾರಿನ ಪ್ರತಿ, ಜಾತಿಯ ಪ್ರಮಾಣಪತ್ರ, ತಂದೆಯ ಆದಾಯದ ವಿವರಗಳನ್ನು ಪಡೆಯುವುದುಂಟು. ಅವನು ಓದು ಮುಗಿಸಿ ಹೋದ ಮೇಲೆ ಆ ಕಾಗದಗಳ ಕಟ್ಟು ಯಾವ ಕೋಣೆಯಲ್ಲಿ, ಯಾರ ಬೀಗದ ಕೆಳಗೆ ಇರುತ್ತದೆ? ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ಸಾಮಾನ್ಯವಾಗಿ ತಂದೆತಾಯಿಗಳ ಒಪ್ಪಿಗೆ ಬೇಕೆಂದು ೨೦೨೩ರ ಕಾಯಿದೆಯು ವಿಧಿಸುತ್ತದೆ. ದಾಸೋಹದ ಪಂಕ್ತಿಯಲ್ಲಿ ಉಣ್ಣುತ್ತಿರುವ ಬಡ ಮಕ್ಕಳ ಛಾಯಾಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಹಂಚುವಾಗ ಅವರನ್ನು ಕೇಳಿದವರುಂಟೆ? ಉಣ್ಣಲು ಬಂದವನನ್ನು ಯಾರೆಂದು ಕೇಳದಿರುವುದೇ ದಾಸೋಹದ ಹಿರಿಮೆಯಾಗಿದ್ದಿತು. ಕಳವಿನ ಭಯದಿಂದ ಕಾಣಿಕೆಯ ಪೆಟ್ಟಿಗೆಯ ಮೇಲೂ ಹೆಬ್ಬಾಗಿಲಲ್ಲೂ ಕ್ಯಾಮೆರಾ ಇಟ್ಟರೆ ಅದು ಭಂಡಾರದ ಕಾವಲು, ಯಾರ ಆಕ್ಷೇಪಣೆಯೂ ಇರದು. ಆದರೆ ವಿದ್ಯಾರ್ಥಿಗಳು ಸಾಲಾಗಿ ಕುಳಿತು, ಶಿವವಸ್ತ್ರವನ್ನು ಬಿಚ್ಚಿ, ಲಿಂಗವನ್ನು ಅಂಗೈಗೆ ತಂದುಕೊಳ್ಳುವ ಪೂಜಾಗೃಹದ ಮೂಲೆಯಲ್ಲಿಯೂ ಅಂಥದೊಂದು ಕಣ್ಣು ನೆಟ್ಟಿದ್ದರೆ, ಯಾರು ದೃಷ್ಟಿಯನ್ನು ನೆಟ್ಟಗಿರಿಸಿದರು, ಯಾರು ತೂಕಡಿಸಿದರು ಎಂಬುದನ್ನು ಆಫೀಸಿನ ಪರದೆಯ ಮೇಲೆ ಎಣಿಸಬಹುದು, ನಿಜ. ಪೂಜೆ ನಡೆಯಿತೋ ಇಲ್ಲವೋ ಎಂಬುದು ಆ ಪರದೆಯಲ್ಲಿ ಮೂಡುವುದಿಲ್ಲ. ಅದನ್ನು ಅಲ್ಲಿಂದ ಇಳಿಸಿ ಹೆಬ್ಬಾಗಿಲಿಗೆ ಕಟ್ಟುವುದಕ್ಕೆ ಒಂದು ಏಣಿಯೂ ಅರ್ಧ ಗಳಿಗೆಯ ಕೆಲಸವೂ ಸಾಕು.